ಗೆಳತಿ ನೋಡಿದ ರೋಮ್

ರೋಮಿನ ಹಳೆಯ ಚರ್ಚುಗಳ ಹುಚ್ಚು ಮೊದಲು ಹಿಡಿದದ್ದು ನನಗೆ, ಅವಳಿಗಲ್ಲ. ಯಾರಾದರೂ ಕೇಳಿದರೆ ಈಗಲೂ ಮೊದಲು ಇದನ್ನೇ ಹೇಳುತ್ತೇನೆ.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಕಂಟೋನ್ಮೆಂಟಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಕಗ್ಗದಾಸಪುರದಿಂದ ಬಂದು ಶಿವಾಜಿನಗರದಲ್ಲಿ ಬಸ್ಸಿಳಿದು ನಡೆದು ಹೋಗುತ್ತಿದ್ದೆ. ಬಸ್ ನಿಲ್ದಾಣದ ಹಿಂದಿನ ರದ್ದಿ ಅಂಗಡಿಯಲ್ಲಿ ಒಂದು ಸಂಜೆ ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದು ಸಿಕ್ಕಿತು. ಕ್ರೈಸ್ತರ ಮೊದಮೊದಲ ಶತಮಾನಗಳ ಚಿತ್ರಗಳ ಬಗ್ಗೆ. ಫೋಟೋಗಳೆಲ್ಲ ಕಪ್ಪು ಬಿಳುಪು. ಮೊದಲ ಪುಟದಲ್ಲೇ ನೆಲದಡಿಯ ಸಮಾಧಿಯ ಛಾವಣಿಯೊಂದರ ಚಿತ್ರವಿತ್ತು. ಗಡ್ಡವಿಲ್ಲದ ಹುಡುಗನಂಥ ಯೇಸು, ಹೆಗಲ ಮೇಲೆ ಕುರಿ, ಅದರ ನಾಲ್ಕು ಕಾಲನ್ನೂ ಎದೆಯ ಹತ್ತಿರ ಒಟ್ಟುಮಾಡಿ ಹಿಡಿದಿದ್ದಾನೆ. ನಮ್ಮಪ್ಪ ಕೆರೆಯಂಗಳದಿಂದ ಕುಂಟುವ ಮರಿಯನ್ನು ಹೊತ್ತು ತರುತ್ತಿದ್ದುದು ಹಾಗೇ. ಕೊಂಡುಕೊಂಡೆ.

ಅವಳು ನಮ್ಮ ಶಾಲೆಯ ಚರಿತ್ರೆಯ ಟೀಚರ್. ಕುಕ್ ಟೌನಿನ ಕ್ಯಾಥೊಲಿಕ್ ಮನೆಯವಳು, ಮನೆಮಾತು ತಮಿಳು. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಅವಳದು. ಪುಸ್ತಕ ತೋರಿಸಿದಾಗ ಆಶ್ಚರ್ಯಪಟ್ಟಳು.

“ಶಿಲುಬೇನೇ ಕಾಣ್ತಿಲ್ವಲ್ಲ ಮಾ. ಇದು ನಮ್ದೇನಾ ನಿಜವಾಗ್ಲೂ?”

“ಆವಾಗಿನ್ನೂ ಶಿಲುಬೆ ಬರೀತಾನೇ ಇರ್ಲಿಲ್ವಂತೆ. ಕುರಿ, ಮೀನು, ನವಿಲು, ಇವನ್ನೇ ಬರೀತಿದ್ರು,” ಎಂದೆ. ಅವಳ ಧರ್ಮವನ್ನು ಅವಳಿಗೇ ಹೇಳಿಕೊಡುತ್ತಿದ್ದೇನೆಂಬ ಜಂಬ ನನಗಿತ್ತು.

ಎರಡು ವರ್ಷ ಊಟದ ಬಿಡುವಿನಲ್ಲೆಲ್ಲ ನಾನು ಹೇಳಿದೆ, ಅವಳು ಕೇಳಿದಳು. ಶನಿವಾರ ಶಿವಾಜಿನಗರದಲ್ಲೋ ಹಲಸೂರಿನಲ್ಲೋ ಚರ್ಚಿಗೆ ಕರೆದುಕೊಂಡು ಹೋಗುತ್ತಿದ್ದಳು. ಅಲ್ಲಿನ ಪೀಠದ ಹಿಂಭಾಗ ನೋಡಿ, ರೋಮಿನಲ್ಲಾದರೆ ಈ ಅರ್ಧಗುಮ್ಮಟದ ತುಂಬ ಗಾಜಿನ ಚೂರುಗಳ ಮೊಸಾಯಿಕ್ ಇರುತ್ತದೆಂದು ವಿವರಿಸುತ್ತಿದ್ದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯೇಸು ಮೋಡಗಳ ಮೆಟ್ಟಿಲು ಇಳಿದು ಬರುವ ಒಂದು ಗುಮ್ಮಟ. ಅದರ ಬಣ್ಣ ಏನಿರಬಹುದೆಂದು ಇಬ್ಬರೂ ಊಹಿಸುತ್ತಿದ್ದೆವು.

ಎರಡನೆಯ ವರ್ಷದ ಕೊನೆಗೆ ಅವಳ ಚರ್ಚಿನಿಂದ ಒಂದು ತಂಡ ರೋಮಿಗೆ ಯಾತ್ರೆ ಹೊರಟಿತು. ಹೋಗಬೇಕಿದ್ದ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆ ಜಾಗ ಇವಳಿಗೆ ಬಂತು.

“ನಿನ್ನನ್ನೂ ಸೇರಿಸ್ಕೊಳ್ಳಿ ಅಂತ ಫಾದರ್‌ನ ಕೇಳ್ದೆ ಕಣೇ. ಚರ್ಚಿನವ್ರಿಗೆ ಮಾತ್ರ ಅಂದ್ಬಿಟ್ರು,” ಎಂದಳು.

ನಗುತ್ತಾ ನನ್ನ ಟಿಪ್ಪಣಿಯ ನೋಟ್‌ಬುಕ್ ಅವಳ ಕೈಗಿಟ್ಟೆ. ಅವಳಿಲ್ಲದ ಹದಿನಾಲ್ಕು ದಿನ ಪಕ್ಕದ ಖಾಲಿ ಕುರ್ಚಿ ನೋಡಿದಾಗಲೆಲ್ಲ ಈಗ ಯಾವ ಚರ್ಚಿನಲ್ಲಿರಬಹುದೆಂದು ಲೆಕ್ಕ ಹಾಕುತ್ತಿದ್ದೆ. ಆರೋಗ್ಯ ಕೆಟ್ಟು ಏನೂ ನೋಡದೆ ವಾಪಸ್ ಬಂದರೆ ಚೆನ್ನಾಗಿರುತ್ತದೆಂದು ಒಂದು ದಿನ ಬಸ್ಸಿನಲ್ಲಿ ನಿಂತುಕೊಂಡೇ ಯೋಚಿಸಿದ್ದೆ. ಎಲ್ಲವನ್ನೂ ನೋಡಿಯೇ ಬಂದಳು, ಆದರೆ ಬಂದವಳೇ ಕಾಮಾಲೆಯಿಂದ ಮಲಗಿದಳು. ನೋಡಲು ಹೋದಾಗ ಮೂರು ಫಿಲ್ಮ್ ರೋಲು ಕೊಟ್ಟು, “ಶಿವಾಜಿನಗರದ ಸ್ಟುಡಿಯೋಲಿ ಕೊಟ್ಟು ತೊಳೆಸ್ತೀಯಾ?” ಎಂದಳು.

ಸ್ಟುಡಿಯೋದವನು ಕವರು ಕೊಟ್ಟ ಸಂಜೆ ಮೆಟ್ಟಿಲ ಮೇಲೆ ನಿಂತೇ ಬಿಚ್ಚಿದೆ. ಎರಡು ರೋಲುಗಳಲ್ಲಿ ಫಾದರ್, ಊಟದ ಮೇಜು, ಕಾರಂಜಿ ಮುಂದೆ ನಿಂತ ಹೆಂಗಸರು. ಮೂರನೆಯದರಲ್ಲಿ ನನ್ನ ಗುಮ್ಮಟವಿತ್ತು. ಕಡುನೀಲಿ ಆಕಾಶ, ಹೊನ್ನಿನ ನಿಲುವಂಗಿ, ಕಾಲಡಿಯ ಮೋಡಗಳು ಕೆಂಪು. ಮೋಡ ಬಿಳಿಯೆಂದೇ ನಾವು ತಿಳಿದಿದ್ದೆವು. ನನಗಿಂತ ಮೊದಲು ಅವಳಿಗೆ ಅದು ಗೊತ್ತಾಗಿತ್ತು. ಬಂದ ಮೇಲೆ ನನಗೆ ಹೇಳಿಯೂ ಇರಲಿಲ್ಲ. ಜ್ವರದಲ್ಲಿ ಮಲಗಿದವಳು ಹೇಗೆ ಹೇಳಿಯಾಳು ಎಂದು ನನಗೆ ತೋಚಲಿಲ್ಲ.

ಮರುದಿನ ಎರಡೇ ಕವರು ಕೊಟ್ಟೆ. “ಒಂದು ರೋಲ್‌ಗೆ ಬೆಳಕು ಬಿದ್ದು ಹಾಳಾಗ್ಬಿಟ್ಟಿದೆಯಂತೆ,” ಎಂದೆ.

ಅವಳು ಎರಡೂ ಕವರು ಬಿಚ್ಚಿ ನೋಡಿ ಗೋಡೆಯ ಕಡೆ ತಿರುಗಿಕೊಂಡಳು. “ಅದನ್ನ ನಿನಗೋಸ್ಕರ ತೆಗ್ದಿದ್ದೆ,” ಎಂದಳು.

ಅಷ್ಟು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಫೋಟೋಗಳು ನನ್ನ ಬೀರುವಿನಲ್ಲಿ, ಸೀರೆಗಳ ಕೆಳಗಿದ್ದವು. ಪ್ರತಿ ಸಂಜೆ ತೆಗೆದು ನೋಡುತ್ತಿದ್ದೆ. ಅವಳ ಹತ್ತಿರ ಅವು ಇಲ್ಲವೆಂಬುದೇ ಅರ್ಧ ಸಂತೋಷ.

ಅವಳು ಚೇತರಿಸಿಕೊಂಡು ಬಂದ ಮೇಲೆ ಹೆಡ್‌ಮಿಸ್ಟ್ರೆಸ್ ರೋಮಿನ ಬಗ್ಗೆ ಮಕ್ಕಳಿಗೆ ಮಾತಾಡಿ ಎಂದರು. ಶಾಲೆಯ ಸಭಾಂಗಣದಲ್ಲಿ ಅವಳು ನೆಲದಡಿಯ ಸಮಾಧಿಗಳ ಇಕ್ಕಟ್ಟಾದ ಓಣಿಗಳ ಬಗ್ಗೆ ಹೇಳಿದಳು. ಅಲ್ಲಿನ ಕುರಿ ಹೊತ್ತ ಯೇಸುವಿನ ಬಗ್ಗೆ “ಕಗ್ಗದಾಸಪುರದ ರೈತರೊಬ್ಬರು ಮರಿ ಹೊತ್ಕೊಂಡು ಬಂದ ಹಾಗೆ” ಎಂದೂ ಹೇಳಿದಳು. ನನ್ನ ಅಪ್ಪ, ನಾನು ಅವಳಿಗೆ ಹೇಳಿದ್ದ ಮಾತು. ಮಕ್ಕಳು ಕಣ್ಣರಳಿಸಿದ್ದು ಅವಳ ಕಡೆಗೆ. ಹಿಂದಿನ ಸಾಲಿನಲ್ಲಿ ಕುದಿಯುತ್ತಾ ಕೂತಿದ್ದೆ.

ಆಮೇಲೆ ಅವಳು, “ಒಂದು ಗುಮ್ಮಟದ ಫೋಟೋ ಹಾಳಾಯ್ತು. ಆದ್ರೆ ನಿಮ್ಮ ಡ್ರಾಯಿಂಗ್ ಮಿಸ್‌ಗೆ ಅದು ಬಾಯಿಪಾಠ. ಅವ್ರೇ ಬರೆದು ತೋರಿಸ್ತಾರೆ,” ಎಂದು ನನ್ನನ್ನು ಕರೆದಳು.

ಬಣ್ಣದ ಸೀಮೆಸುಣ್ಣ ಹಿಡಿದು ಕಪ್ಪುಹಲಗೆಯ ಮುಂದೆ ನಿಂತೆ. ಕೊನೆಗೂ ಎಲ್ಲರೂ ನನ್ನನ್ನು ನೋಡುತ್ತಿದ್ದರು. ಆ ಖುಷಿಯಲ್ಲಿ ಮೈಮರೆತು ಬರೆದೆ. ಮುಗಿಸಿ ತಿರುಗಿದಾಗ ಮಕ್ಕಳು ಚಪ್ಪಾಳೆ ತಟ್ಟಿದರು. ಅವಳೊಬ್ಬಳು ತಟ್ಟಲಿಲ್ಲ. ಹಲಗೆಯನ್ನೇ ನೋಡುತ್ತಿದ್ದಳು.

ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. “ಮೋಡ ಕೆಂಪು ಅಂತ ನಿಂಗ್ ಹೇಗ್ ಗೊತ್ತಾಯ್ತು?” ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹುಡುಕಿದೆ, ಸಿಗಲಿಲ್ಲ. “ಆ ರೋಲ್ ಹಾಳಾಗಿಲ್ಲ. ನನ್ನ ಹತ್ರ ಇದೆ.”

“ಕೇಳಿದ್ರೆ ಒಂದು ಕಾಪಿ ಮಾಡ್ಸಿ ಕೊಡ್ತಿರ್ಲಿಲ್ವಾ ನಾನು?”

“ಕಾಪಿ ಬೇಕಿರ್ಲಿಲ್ಲ. ನಿನ್ನ ಹತ್ರ ಅದು ಇರ್ಬಾರ್ದಿತ್ತು, ಅಷ್ಟೇ.”

ನನ್ನ ಬಾಯಿಂದ ಬಂದದ್ದನ್ನು ಕೇಳಿ ನನಗೇ ಭಯವಾಯಿತು. ಅವಳು ಕೊಡೆ ತೆಗೆದುಕೊಂಡು ಹೊರಟುಹೋದಳು. ಮರುದಿನ ಫೋಟೋ, ನೆಗೆಟಿವ್ ಎಲ್ಲ ಅವಳ ಮೇಜಿನ ಮೇಲಿಟ್ಟೆ. ನನ್ನ ನೋಟ್‌ಬುಕ್ಕನ್ನು ಅವಳು ಜವಾನನ ಕೈಯಲ್ಲಿ ಕಳಿಸಿದಳು. ಕುರ್ಚಿ ಕಿಟಕಿಯ ಕಡೆಗೆ ಬದಲಾಯಿಸಿಕೊಂಡಳು. ಆ ವರ್ಷವೆಲ್ಲ ನಾವು ಮಾತಾಡಿದ್ದು ಟೈಮ್‌ಟೇಬಲ್ ವಿಚಾರಕ್ಕೆ ಮಾತ್ರ.

ನಮ್ಮಪ್ಪ ತೀರಿಕೊಂಡಾಗ ಅವಳು ಕಗ್ಗದಾಸಪುರಕ್ಕೆ ಬಂದು ನನ್ನ ಪಕ್ಕ ಚಾಪೆಯ ಮೇಲೆ ಸಂಜೆಯವರೆಗೆ ಕೂತಳು. ಆ ಫೋಟೋಗಳ ಸುದ್ದಿ ಇಬ್ಬರೂ ಎತ್ತಲಿಲ್ಲ. ಆಮೇಲೆ ಮಾತು ನಿಧಾನವಾಗಿ ಶುರುವಾಯಿತು, ಮೊದಲಿನಷ್ಟು ಸಲೀಸಾಗಿ ಅಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಾನೂ ನನ್ನ ಗಂಡನೂ ಯುರೋಪಿನ ಪ್ಯಾಕೇಜ್ ಟೂರಿಗೆ ಹೋದೆವು. ರೋಮಿಗೆ ಒಂದೂವರೆ ದಿನ. ಟೂರಿನವರು ಕೊಟ್ಟ ಸ್ವಲ್ಪ ಬಿಡುವಿನಲ್ಲಿ ಆ ಗುಮ್ಮಟದ ಚರ್ಚಿಗೆ ಓಡಿದೆ. ಮಧ್ಯಾಹ್ನವೆಂದು ಬಾಗಿಲು ಹಾಕಿತ್ತು. ಮೆಟ್ಟಿಲ ಮೇಲೆ ಕೂತು ಬಿಸಿಲಿನಲ್ಲಿ ಅತ್ತೆ. ಇಪ್ಪತ್ತೊಂಬತ್ತನೆಯ ವಯಸ್ಸಿಗೇ ಅವಳು ಈ ಬಾಗಿಲಿನಿಂದ ಒಳಗೆ ಹೋಗಿದ್ದಳಲ್ಲ ಎಂದು ಹೊಟ್ಟೆ ಮತ್ತೆ ಉರಿಯಿತು.

ಮರುದಿನ ಬೆಳಿಗ್ಗೆ ರೈಲ್ವೆ ಸ್ಟೇಷನ್ ಪಕ್ಕದ ನಮ್ಮ ಹೋಟೆಲಿನ ಹತ್ತಿರದ ಸಣ್ಣ ಚರ್ಚೊಂದು ತೆರೆದಿತ್ತು. ಒಳಗೆ ಕತ್ತಲು. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹೊತ್ತುತ್ತದೆಂದು ಒಬ್ಬ ಮುದುಕಿ ಸನ್ನೆಯಲ್ಲೇ ತೋರಿಸಿದಳು. ಹಾಕಿದೆ. ಹಸಿರು ಹಿನ್ನೆಲೆಯಲ್ಲಿ ಎರಡು ಜಿಂಕೆಗಳು ನೀರು ಕುಡಿಯುತ್ತಿದ್ದವು. ಒಂದರ ಕುತ್ತಿಗೆಯ ಬಳಿ ಚೂರುಗಳು ಉದುರಿ ಗಾರೆ ಕಾಣುತ್ತಿತ್ತು. ಒಂದು ನಿಮಿಷಕ್ಕೆ ದೀಪ ಆರಿತು.

ಬೆಂಗಳೂರಿಗೆ ಬಂದ ದಿನವೇ ಅವಳಿಗೆ ಫೋನ್ ಮಾಡಿದೆ. “ಸ್ಟೇಷನ್ ಹತ್ರ ಜಿಂಕೆಗಳಿರೋ ಚರ್ಚ್ ನೋಡಿದ್ಯಾ?”

“ಇಲ್ವಲ್ಲ. ಅಲ್ಲಿಗ್ ಕರ್ಕೊಂಡು ಹೋಗ್ಲೇ ಇಲ್ಲ,” ಎಂದಳು. ಅವಳ ದನಿ ಸಣ್ಣಗಾಯಿತು. ಆ ದನಿ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು, ಕೇಳಿ ಖುಷಿಯೂ ಆಯಿತು.

“ನಾಳೆ ಮನೆಗ್ ಬಾ. ಬರೆದು ತೋರಿಸ್ತೀನಿ,” ಎಂದೆ.

“ಈಗ್ಲೇ ಬರ್ತೀನಿ,” ಎಂದಳು.