ಹುಟ್ಟು ಹಿಡಿದವನ ಮುಖ

ಬೆಳಗಿನ ಐದೂಮುಕ್ಕಾಲು. ತಿ. ನರಸೀಪುರದಿಂದ ಬನ್ನೂರಿನ ಕಡೆ ಹೋಗುವಾಗ ಸಿಗುವ ಕಾವೇರಿಯ ಒಂದು ಕಡವಿನಿಂದ ಹರಿಗೋಲು ಹೊರಟಿದೆ. ಏಳು ಜನ, ಆರು ಹಾಲಿನ ಕ್ಯಾನು. ಮೂವತ್ತೊಂದು ವರ್ಷದಿಂದ ಇಲ್ಲಿ ಜನರನ್ನು ದಾಟಿಸುತ್ತಿರುವ ಅಂಬಿಗ ಬೆಟ್ಟಯ್ಯ ಮಾತ್ರ ಇವತ್ತು ಹುಟ್ಟು ಹಾಕುತ್ತಿಲ್ಲ. ಪ್ರಯಾಣಿಕರ ನಡುವೆ ಒಬ್ಬರಾಗಿ, ಎರಡೂ ಅಂಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕುಳಿತಿದ್ದಾರೆ. ಹುಟ್ಟು ಇರುವುದು ಅದೇ ಕಡವಿನ ಇನ್ನೊಬ್ಬ ಅಂಬಿಗ ಚಿಕ್ಕಮಾದುವಿನ ಕೈಯಲ್ಲಿ.

ನಡುಹೊಳೆ ಮುಟ್ಟುವಷ್ಟರಲ್ಲಿ ಬೆಟ್ಟಯ್ಯ ಮೂರು ಸಲ ಕಣ್ಣು ಬಿಟ್ಟಾಗಿದೆ, ಎಡಕ್ಕೆ ಎಳಿ ಎಂದು ಎರಡು ಸಲ ಹೇಳಿಯಾಗಿದೆ. ಚಿಕ್ಕಮಾದುವಿಗೆ ರೇಗುತ್ತದೆ.

"ಉಟ್ಟು ನನ್ನ ಕೈಲದೆ ಕಣಣ್ಣ. ನೀನು ಸುಮ್ಕೆ ಕೂತ್ಕೊಳೋದ ಕಲ್ತ್ಕೊ."

ಕಲಿಯಬೇಕಾಗಿರುವುದೂ ಅದನ್ನೇ. ನಾಡಿದ್ದು ಬೆಟ್ಟಯ್ಯ ಬೆಂಗಳೂರಿನಿಂದ ಗುವಾಹಟಿಗೆ ವಿಮಾನದಲ್ಲಿ ಹೋಗಬೇಕು. ತುಂಬಿದ ಹೊಳೆಗೆ ಎದೆಗೊಟ್ಟ ಈ ಐವತ್ನಾಲ್ಕರ ಮನುಷ್ಯನಿಗೆ ವಿಮಾನವೆಂದರೆ ಭಯ. ವಾರದಿಂದ ಊಟ ರುಚಿಸುತ್ತಿಲ್ಲ. ಕುಳಿತಲ್ಲಿ ಕೂರುವುದಿಲ್ಲ, ಜಗುಲಿಯಿಂದ ಕಡವಿಗೆ, ಕಡವಿನಿಂದ ಜಗುಲಿಗೆ ಸುಮ್ಮನೆ ಓಡಾಡುತ್ತಾರೆ. ಹೆಂಡತಿ ಮುದ್ದಮ್ಮ ನೋಡಿ ನೋಡಿ ಸಾಕಾಗಿ, ಮಗಳಿಗೆ ಹೆರಿಗೆ ನೋವು ಬಂದಾಗಲೂ ಇವರು ಇಷ್ಟು ಒದ್ದಾಡಲಿಲ್ಲ ಎಂದು ನೆರೆಹೊರೆಗೆ ಹೇಳಿಕೊಂಡು ನಗುತ್ತಾರೆ.

ಬೆಟ್ಟಯ್ಯನ ಕೆಲಸವನ್ನು ಯಾರೂ ದೊಡ್ಡದು ಎಂದುಕೊಂಡಿಲ್ಲ. ದಿನಕ್ಕೆ ಹದಿನಾಲ್ಕು ಸಲ ಆಚೆ ದಡ, ಹದಿನಾಲ್ಕು ಸಲ ಈಚೆ ದಡ. ಮೇಷ್ಟ್ರು, ಹಾಲಿನವರು, ಬನ್ನೂರಿನ ಬಸ್ಸು ಹಿಡಿಯುವವರು, ಕಬ್ಬು ಕಡಿಯಲು ಹೋಗುವವರು. ವರ್ಷಕ್ಕೊಮ್ಮೆ ಬಿದಿರು ಸೀಳಿ ಹೊಸ ಹರಿಗೋಲು ಹೆಣೆಯಬೇಕು, ತಳಕ್ಕೆ ಟಾರು ಬಳಿಯಬೇಕು. ಆ ಹೊಗೆ ಕುಡಿದು ಕುಡಿದು ಕೆಮ್ಮು ಕಾಯಂ ಆಗಿದೆ. ಇಷ್ಟು ವರ್ಷದಲ್ಲಿ ಅವರ ಹರಿಗೋಲಿನಿಂದ ನೀರಿಗೆ ಬಿದ್ದದ್ದು ಒಂದೇ ಒಂದು ಹಾಲಿನ ಕ್ಯಾನು. ಅದೂ ಕ್ಯಾನಿನವನದೇ ತಪ್ಪು ಎಂದು ಈಗಲೂ ವಾದಿಸುತ್ತಾರೆ.

ಕಳೆದ ವರ್ಷ, 2005ರಲ್ಲಿ ಹೊಳೆ ಉಕ್ಕಿದಾಗ ತೋಟದ ಮನೆಗಳಲ್ಲಿ ಸಿಕ್ಕಿಕೊಂಡವರನ್ನು ಎರಡು ದಿನ ಬಿಡದೆ ದಡಕ್ಕೆ ತಂದರು. ನೆರೆ ಪರಿಹಾರ ಕೆಲಸದ ಸಂಸ್ಥೆಯೊಂದರ ಹುಡುಗಿ ಕೋಮಲ ಅದನ್ನು ಕಣ್ಣಾರೆ ಕಂಡಳು. ಅಸ್ಸಾಮಿನಲ್ಲಿ ಬಿದಿರು ಬೇಕಾದಷ್ಟಿದೆ, ಹರಿಗೋಲು ಹೆಣೆಯುವುದು ಗೊತ್ತಿಲ್ಲ, ಬಂದು ಕಲಿಸಿ ಎಂದು ಕರೆದಳು. ಈ ವರ್ಷದ ಮಾರ್ಚಿನಲ್ಲಿ ಮೊದಲ ಸಲ ವಿಮಾನ ಹತ್ತಿ ಹೊರಟೇಬಿಟ್ಟರು.

ವಿಮಾನ ಮೇಲೇರಿ ಎಡಕ್ಕೆ ವಾಲಿದೊಡನೆ ಬೆಟ್ಟಯ್ಯ ಮಾಡಿದ್ದನ್ನು ಇನ್ನಾವ ಪ್ರಯಾಣಿಕನೂ ಮಾಡಲಾರ. ಸೊಂಟದ ಪಟ್ಟಿ ಬಿಚ್ಚಿ ಎದ್ದು ನಿಂತು, ಎಡಗಡೆ ಕುಳಿತ ಟೈ ಕಟ್ಟಿದ ಮಹನೀಯರಿಗೆಲ್ಲ, ನಾಲ್ಕು ಜನ ಬೇಗ ಬಲಗಡೆಗೆ ಬನ್ನಿ ಎಂದು ಕೂಗಿ ಅಪ್ಪಣೆ ಕೊಟ್ಟರು. ಹರಿಗೋಲು ವಾಲಿದರೆ ಭಾರ ಸರಿದೂಗಿಸಬೇಕು. ಮೂವತ್ತು ವರ್ಷದ ಅಭ್ಯಾಸ ಆಕಾಶಕ್ಕೆ ಹೋದರೆ ಬಿಡುತ್ತದೆಯೇ? ಗಗನಸಖಿ ಓಡಿ ಬಂದು ಭುಜ ಹಿಡಿದು ಕೂರಿಸಿದಳು. ಸುತ್ತಲಿನವರು ನಕ್ಕರು. ಜೊತೆಗಿದ್ದ ಕೋಮಲಳಿಗೂ ನಗು ತಡೆಯಲಾಗಲಿಲ್ಲ, ಆಮೇಲೆ ಅವರ ಕೈ ಮುಟ್ಟಿ ನೋಡಿದರೆ ಬೆವರಿನಲ್ಲಿ ತೊಯ್ದುಹೋಗಿತ್ತು.

"ನಗ್ಲಿ ಬುಡಿ ಸಾ. ನಮ್ಮಲ್ಲಿ ಅಂಗೆ ಯೋಳ್ದಿದ್ರೆ ಜನ ಸತ್ತೋಯ್ತಾರೆ," ಎನ್ನುತ್ತಾರೆ ಬೆಟ್ಟಯ್ಯ, ನಮ್ಮ ಪತ್ರಿಕೆಯೊಂದಿಗೆ ಮಾತಾಡುತ್ತಾ. ಎತ್ತರ ಅವರನ್ನು ಕಾಡಲಿಲ್ಲವಂತೆ. "ಮೈಕಿನಾಗೆ ಓಡ್ಸೋನ ದನಿ ಬಂತು. ಮೊಖ ಬರ್ನಿಲ್ಲ. ಮೊಖ ಕಾಣ್ದೋನ ಕೈಗೆ ಎಂಗೆ ಸಾ ಜೀವ ಕೊಡೋದು?"

ಗುವಾಹಟಿಯ ಹತ್ತಿರದ ಹಳ್ಳಿಯಲ್ಲಿ ಮೂವತ್ತು ಜನಕ್ಕೆ ಹೆಣೆಯುವುದನ್ನು ಕಲಿಸಿದರು. ನಿಂತ ನೀರಿನಲ್ಲಿ ಹುಟ್ಟು ಹಾಕುವುದನ್ನೂ ಕಲಿಸಿದರು. ಹರಿವ ನೀರಿನ ಪಾಠ ಬಾಕಿ ಇತ್ತು. ಆದರೆ ವಾಪಸು ವಿಮಾನದ ಯೋಚನೆಯಲ್ಲೇ ನಿದ್ದೆ ಕೆಟ್ಟು, ಮೈ ಸರಿಯಿಲ್ಲ ಎಂದು ಸುಳ್ಳು ಹೇಳಿ, ನಾಲ್ಕು ದಿನ ರೈಲಿನಲ್ಲಿ ಕುಳಿತು ಊರು ಸೇರಿಕೊಂಡರು. ಆ ಸುಳ್ಳು ಅವರನ್ನು ವಿಮಾನಕ್ಕಿಂತ ಹೆಚ್ಚು ಕಾಡುತ್ತಿದೆ.

ಹೋದ ವಾರ ಕೋಮಲ ಫೋನು ಮಾಡಿದ್ದಾಳೆ. ಅಲ್ಲಿ ಮಳೆ ಆಗಲೇ ಹಿಡಿದಿದೆ, ಹೊಳೆ ಏರಲು ಹೆಚ್ಚು ದಿನವಿಲ್ಲ. ಮೂವತ್ತು ಜನರೂ ಹರಿಗೋಲು ಹೆಣೆದು, ಟಾರು ಬಳಿದು, ಹುಮ್ಮಸ್ಸಿನಲ್ಲಿದ್ದಾರೆ. ರೈಲಿನಲ್ಲಿ ಬಂದರೆ ಕಲಿಸಲು ದಿನ ಉಳಿಯುವುದಿಲ್ಲ. ಮಾರನೆಯ ಬೆಳಿಗ್ಗೆ ಬೆಟ್ಟಯ್ಯ ಹುಟ್ಟನ್ನು ಚಿಕ್ಕಮಾದುವಿನ ಕೈಗೆ ಕೊಟ್ಟು ಹರಿಗೋಲಿನಲ್ಲಿ ಸುಮ್ಮನೆ ಕೂರುವ ಅಭ್ಯಾಸ ಶುರು ಮಾಡಿದರು. ಮೊದಲ ದಿನ ನಡುಹೊಳೆಯಲ್ಲೇ ಹುಟ್ಟು ಕಿತ್ತುಕೊಂಡರು. ಇವತ್ತು ಆರನೆಯ ದಿನ. ಗೊಣಗಿದರೂ ಕೈ ಚಾಚದೆ ಆಚೆ ದಡ ಮುಟ್ಟಿದ್ದಾರೆ.

ಕ್ಯಾನುಗಳು ಇಳಿದವು, ಜನ ಇಳಿದರು. ಬೆಟ್ಟಯ್ಯ ಕೊನೆಗೆ ಇಳಿದು, ಜೋಮು ಹಿಡಿದ ಅಂಗೈಗಳನ್ನು ತಿಕ್ಕಿಕೊಳ್ಳುತ್ತಾ ನಿಂತರು. ಹೆದರಿಕೆ ಹೋಯಿತೇ ಎಂದು ಕೇಳಿದರೆ ಇಲ್ಲವೆಂದು ತಲೆಯಾಡಿಸಿದರು. ಹೋಗುವುದಿಲ್ಲವೇ ಹಾಗಾದರೆ ಎಂದಾಗ ಹೊಳೆಯ ಕಡೆ ಕೈ ತೋರಿಸಿದರು.

"ಏನೂ ಕಲೀದೋನು ನೀರ್ಗೇ ಇಳಿಯಾಕಿಲ್ಲ ಸಾ. ಅರ್ಧ ಕಲ್ತೋನು ಇಳೀತಾನೆ. ನಾನು ಮೂವತ್ತು ಜನಕ್ಕೆ ಅರ್ಧ ಕಲ್ಸಿ ಬಂದಿವ್ನಿ."

ಆಮೇಲೆ, ಪೇಪರಿನವರಿಂದ ಒಂದು ಉಪಕಾರ ಆಗಬೇಕು ಎಂದು ಸಂಕೋಚದಿಂದ ಕೇಳಿಕೊಂಡರು. ಪೆನ್ಶನ್ನೋ, ಹೊಸ ಸೇತುವೆಯೋ ಇರಬೇಕು ಎಂದುಕೊಂಡರೆ ಅದಲ್ಲ.

"ವಿಮಾನ ಓಡ್ಸೋನು ಒಂದ್ಸಲ ಈಚೆಗೆ ಬಂದು ಮೊಖ ತೋರ್ಸಿ ಓಗ್ಲಿ ಅಂತ ಬರೀರಿ." ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. "ತೋರುಸ್ದಿದ್ರೂ ನಾನು ಓಯ್ತೀನಿ. ಅದ್ನೂ ಬರ್ಕಳಿ."