ಅಪ್ಪ ನೋಡಿದ ದನಿ

ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಮೊಬೈಲ್ ರಿಪೇರಿ ಅಂಗಡಿಯೊಂದರಿಂದ ಬೆಸುಗೆಯ ರಾಳ ಸುಟ್ಟ ವಾಸನೆ ಬಂತು. ನಿಂತುಬಿಟ್ಟೆ. ನಾನು ಚಿಕ್ಕವಳಿದ್ದಾಗ ನಮ್ಮ ಚಾಳಿನ ಒಂಟಿಕೋಣೆಯ ಮನೆಯಲ್ಲಿ ದಿನವಿಡೀ ಇದೇ ವಾಸನೆ. ಒಗ್ಗರಣೆಯಲ್ಲೂ, ನನ್ನ ಶಾಲೆಯ ಅಂಗಿಯಲ್ಲೂ. ವಿಜಯಪುರದ ಕಡೆಯಿಂದ ಬಂದ ಅಪ್ಪ ತುರ್ಭೆಯ ಕಾರ್ಖಾನೆಯೊಂದರಲ್ಲಿ ತಗಡು ಬಡಿಯುವ ಯಂತ್ರಗಳ ನಡುವೆ ವರ್ಷಗಟ್ಟಲೆ ದುಡಿದು, ಅದನ್ನು ಬಿಟ್ಟು ಮನೆಯಲ್ಲೇ ಮೈಕು, ಆಂಪ್ಲಿಫೈಯರ್ ರಿಪೇರಿಗೆ ಕೂತಿದ್ದರು. ಅವರ ಮೇಜಿನ ಮೇಲೊಂದು ಹಳೆಯ ಆಸಿಲೋಸ್ಕೋಪ್ ಇತ್ತು. ಮೈಕಿನಲ್ಲಿ ಮಾತಾಡಿದರೆ ಅದರ ಪುಟ್ಟ ಗಾಜಿನ ಪರದೆಯ ಮೇಲೆ ಹಸಿರು ಗೆರೆಯೊಂದು ಅಲೆಯಾಗಿ ಏಳುತ್ತಿತ್ತು: ದನಿ ಜೋರಾದಷ್ಟೂ ಎತ್ತರ, ಕೀರಲಾದಷ್ಟೂ ಒತ್ತೊತ್ತು. ಗಣಪತಿ ಮಂಡಳದವರು "ಆವಾಜ್ ಕೈಸಾ ಹೈ, ಅಣ್ಣಾ?" ಎಂದರೆ ಅಪ್ಪ ಗೆರೆಯನ್ನು ನೋಡಿ, "ಏಕ್‌ದಮ್ ಸಾಫ್" ಎನ್ನುತ್ತಿದ್ದರು. ಸಂಜೆ ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಮೈಕು ಹಿಡಿದು, "ನಿನ್ನ ಹೆಸರು ಹೇಳವ್ವಾ" ಎನ್ನುತ್ತಿದ್ದರು. ಎಷ್ಟು ಸಲ ಹೇಳಿದರೂ ಅವರಿಗೆ ಸಾಲದು. ಅಪ್ಪನ ಎದುರಿಗೆ ನಿಂತೇ ಮಾತಾಡಬೇಕೆಂದು ಅವ್ವ ಕಲಿಸಿದ್ದಳು. ಅದು ಮರ್ಯಾದೆ ಎಂದುಕೊಂಡಿದ್ದೆ.

ನನಗೆ ಒಂಬತ್ತು ತುಂಬಿದ ವರ್ಷ, ಒಂದು ಮಧ್ಯಾಹ್ನ, ಅವ್ವ ತರಕಾರಿಗೆಂದು ಕೆಳಗಿಳಿದಿದ್ದಾಗ ಕುಕ್ಕರ್ ಸಿಡಿಯಿತು. ಮುಚ್ಚಳ ತಗಡಿನ ಮಾಡಿಗೆ ಬಡಿದು ಬಿತ್ತು, ಬೇಳೆ ಗೋಡೆಗೆಲ್ಲ ರಾಚಿತು. "ಅಪ್ಪಾ!" ಎಂದು ಕಿರುಚಿದೆ. ಬೆನ್ನು ಮಾಡಿ ಕೂತಿದ್ದ ಅಪ್ಪ ತಿರುಗಲಿಲ್ಲ. ಮೇಜಿನ ಮೇಲೆ ಮೈಕು ಚಾಲೂ ಇತ್ತು. ಹಸಿರು ಗೆರೆ ಪರದೆ ಮೀರಿ ಹಾರಿತು. ಯಂತ್ರ ಕೆಟ್ಟಿತೆಂದು ಅಪ್ಪ ಅದರ ಮಗ್ಗುಲಿಗೆ ಮೆಲ್ಲಗೆ ತಟ್ಟಿದರು. ಮತ್ತೆ ಕಿರುಚಿದೆ, ಗೆರೆ ಮತ್ತೆ ಎದ್ದಿತು. ಆಗ ತಿರುಗಿದ ಅವರ ಮುಖ ಬಿಳಿಚಿಕೊಂಡಿತು.

ಗೋಡೆ ಒರೆಸುತ್ತ ಅವ್ವ ಹೇಳಿದಳು: "ನಿಮ್ಮಪ್ಪಗ ಕಿವಿ ಕೇಳಂಗಿಲ್ಲವ್ವಾ. ನೀ ಹುಟ್ಟೂಕಿಂತ ಮೊದಲೇ ಹೋಗ್ಯಾವ. ಎದುರಿಗಿದ್ದವರ ತುಟಿ ನೋಡಿ ತಿಳಕೋತಾರ. ಯಾರ ಮುಂದೂ ಅನಬ್ಯಾಡ, ಗಿರಾಕಿ ಬರಂಗಿಲ್ಲ." ನನ್ನ ದನಿಯನ್ನು ಅಪ್ಪ ಒಮ್ಮೆಯೂ ಕೇಳಿರಲಿಲ್ಲ, ಸಂಜೆ ಸಂಜೆ ನೋಡುತ್ತಿದ್ದರು, ಅಷ್ಟೇ. ಮರುದಿನ ನಾನಾಗಿಯೇ ತೊಡೆಯೇರಿ ಹೆಸರು ಹೇಳಿದೆ. ಅಪ್ಪ ಗೆರೆಯನ್ನೇ ನೋಡುತ್ತ, "ಯಾಕ ಅಳಾಕತ್ತಿ?" ಎಂದರು.

ಈಗ ಅಪ್ಪ ಇಲ್ಲ. ಚಾಳಿದ್ದಲ್ಲಿ ಬಹುಮಹಡಿ ಟವರ್ ಎದ್ದಿದೆ. ಎಷ್ಟೋ ಜನರ ಮೈಕು ಸರಿಮಾಡಿದ ಮನುಷ್ಯನ ದನಿಯನ್ನು ಒಮ್ಮೆಯಾದರೂ ಹಿಡಿದಿಡಬೇಕೆಂದು ನಮಗ್ಯಾರಿಗೂ ತೋಚಲಿಲ್ಲ. ಕಳೆದ ವಾರ, ಕೋಪರಖೈರಣೆಯ ನಮ್ಮ ಮನೆಯಲ್ಲಿ, ಅಜ್ಜ ಹೇಗೆ ಮಾತಾಡುತ್ತಿದ್ದರೆಂದು ಮಗಳು ಮರಾಠಿಯಲ್ಲಿ ಕೇಳಿದಳು. ಹೇಳಲು ಬಾಯಿ ತೆರೆದೆ. ಅವರ ಮಾತುಗಳೆಲ್ಲ ನೆನಪಿದ್ದವು. ದನಿ ಮಾತ್ರ ನೆನಪಾಗಲಿಲ್ಲ.