ಲಾದ್ರು ಮಾಮನ ಕ್ರಿಸ್‌ಮಸ್ ಪಿಕ್ಚರ್

ಲಾದ್ರು ಮಾಮ ಫಿಲಂ ತುಂಡನ್ನು ಕೈಗೆತ್ತಿಕೊಂಡರೆ ಮೊದಲು ತುಟಿಗೆ ಮುಟ್ಟಿಸಿ ನೋಡುತ್ತಿದ್ದರು. ಕೆಳತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡು, ಫಿಲಂನ ಅಂಚನ್ನು ಅಲ್ಲಿಟ್ಟು, ಅರೆಕ್ಷಣ ಕಣ್ಣು ಮುಚ್ಚುತ್ತಿದ್ದರು. ಅಂಟಿಕೊಂಡರೆ ಅದು ಚಿತ್ರ ಮೂಡಿದ ಮಗ್ಗುಲು. ಜಾರಿದರೆ ಬೆನ್ನಿನ ಮಗ್ಗುಲು. ಮುಂಬಯಿಯ ಗ್ರಾಂಟ್ ರೋಡಿನ ಒಂದು ಟಾಕೀಸಿನಲ್ಲಿ, ಬಾಲ್ಕನಿಯ ಹಿಂದಿನ ಇಕ್ಕಟ್ಟು ಕೋಣೆಯೊಳಗೆ ಮೂವತ್ತು ವರ್ಷ ಮಶಿನ್ ಓಡಿಸಿದ ಆಪರೇಟರ್ ಅವರು. ಕತ್ತಲಲ್ಲಿ ಕೆಲಸ ಮಾಡುವವನು ಕಣ್ಣನ್ನು ನಂಬಿದರೆ ಕೆಟ್ಟ ಎನ್ನುತ್ತಿದ್ದರು. ಆ ಚಟ ಎಷ್ಟು ಗಟ್ಟಿಯಾಗಿತ್ತೆಂದರೆ, ಊರಿನಿಂದ ಬಂದ ಇನ್‌ಲೆಂಡ್ ಪತ್ರವನ್ನೂ ಒಮ್ಮೆ ತುಟಿಗೆ ತಾಗಿಸಿಯೇ ಒಡೆಯುತ್ತಿದ್ದರು. ನನ್ನ ಅತ್ತೆಗೆ ಇದನ್ನು ಕಂಡರೆ ಮೈಯೆಲ್ಲ ಉರಿ. “ಪಿಕ್ಚರಿಗೂ ಎಂಜಲ ಹಚ್ಚತಾರಲ್ಲ ಈ ಮನಷ್ಯಾ,” ಎಂದು ನನ್ನ ಕಿವಿಯಲ್ಲಿ ಗೊಣಗುತ್ತಿದ್ದರು. ಆದರೂ ವರ್ಷಕ್ಕೊಮ್ಮೆ ಆ ಎಂಜಲು ಪಿಕ್ಚರಿಗೆ ಎಲ್ಲರಿಗಿಂತ ಮುಂದೆ ಹೋಗಿ ಕೂರುತ್ತಿದ್ದವರೂ ಅವರೇ.

ನಾನು ಮದುವೆಯಾಗಿ ಧಾರವಾಡದಿಂದ ಮಲಾಡ್‌ನ ಒಂದು ಸಾಲುಮನೆಗಳ ಚಾಳಿಗೆ ಬಂದದ್ದು ಅರವತ್ತೆಂಟರಲ್ಲಿ. ಗಂಡ ಬೆಳಿಗ್ಗೆ ಲೋಕಲ್ ಹಿಡಿದು ಫೋರ್ಟಿನ ಆಫೀಸಿಗೆ ಹೋದರೆ, ಒಂದು ಕೋಣೆ ಮತ್ತು ಒಂದು ಅಡುಗೆಮನೆಯಲ್ಲಿ ಉಳಿಯುತ್ತಿದ್ದವರು ನಾನು, ನನ್ನ ಅತ್ತೆ. ಪಕ್ಕದ ಗೋಡೆಯಾಚೆ ಲಾದ್ರು ಮಾಮ ಮತ್ತು ಅವರ ಹೆಂಡತಿ ಕಾರ್ಮಿಣ್ ಬಾಯಿ, ಮಂಗಳೂರು ಕಡೆಯ ಕ್ರಿಸ್ತುವರು. ಮಾಮ ಎತ್ತರದ, ಸಣಕಲು ಆಳು. ಬಿಸಿಲು ಕಾಣದೆ ಮುಖ ಬಿಳಿಚಿಕೊಂಡಿತ್ತು. ಸಾಮಾನ್ಯವಾಗಿ ಅವರದು ಎಣಿಸಿದಷ್ಟೇ ಮಾತು. ಅತ್ತೆ ಅವರನ್ನು ಮೊದಲ ದಿನದಿಂದಲೇ ಲಾದ್ರಪ್ಪ ಮಾಡಿಬಿಟ್ಟಿದ್ದರು. ಅವರೂ ಅದನ್ನು ತಿದ್ದಲು ಹೋಗಲಿಲ್ಲ.

ಆ ಮನುಷ್ಯ ಇಡೀ ವರ್ಷದ ಮಾತನ್ನು ಕ್ರಿಸ್‌ಮಸ್ ಮಧ್ಯಾಹ್ನಕ್ಕೆ ಕೂಡಿಟ್ಟುಕೊಳ್ಳುತ್ತಿದ್ದರು. ಬ್ರಹ್ಮಚಾರಿಯಾಗಿದ್ದಾಗ ಚೋರ್ ಬಜಾರಿನಲ್ಲಿ ಕೊಂಡ ಒಂದು ಸಣ್ಣ ಪ್ರೊಜೆಕ್ಟರ್ ಅವರಲ್ಲಿತ್ತು. ದೀಪಕ್ಕೆ ಮಾತ್ರ ಕರೆಂಟು, ರೀಲು ತಿರುಗಿಸುವುದು ಕೈಯಿಂದ. ಅದರ ಜೊತೆ ಸಿಕ್ಕಿದ ಒಂದೇ ಒಂದು ರೀಲು: ಯಾವುದೋ ವಿಲಾಯತಿ ದೇಶದ, ಮಾತಿಲ್ಲದ, ಹನ್ನೆರಡು ನಿಮಿಷದ ಹಳೆಯ ಕ್ರಿಸ್‌ಮಸ್ ಪಿಕ್ಚರ್. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ. ನಡುನಡುವೆ ಬರುವ ಅಕ್ಷರಗಳು ಇಂಗ್ಲಿಷಂತೂ ಅಲ್ಲ. ಆ ದಿನ ಊಟ ಮುಗಿಯುತ್ತಿದ್ದಂತೆ ಚಾಳಿನ ಮನೆಮನೆಯಿಂದ ಕಂಬಳಿ, ರಜಾಯಿ ಅವರ ಮನೆ ಸೇರುತ್ತಿದ್ದವು. ನಡು ಹಗಲಲ್ಲಿ ಕತ್ತಲೆ ಮಾಡಬೇಕಲ್ಲ. ಕಿಟಕಿಗೆ ಎರಡು ಪದರ, ಬಾಗಿಲಿಗೆ ನಮ್ಮ ಧಾರವಾಡದ ಕರಿ ಕಂಬಳಿ. ಗೋಡೆಗೆ ಕಾರ್ಮಿಣ್ ಬಾಯಿಯ ಒಗೆದ ಚಾದರ. ನಮ್ಮ ಕರಚಿಕಾಯಿಯನ್ನೇ ಹೋಲುವ ಅವರ ನೆವ್ರಿ ತಟ್ಟೆಯಲ್ಲಿ ಬರುತ್ತಿತ್ತು. ಅತ್ತೆ ತಾವು ತಿನ್ನದೆ ನನ್ನ ಕೈಗೆ ದಾಟಿಸುತ್ತಿದ್ದರು.

ಒಂದೇ ಕಾಯಿದೆ. ಮಶಿನ್ ಶುರುವಾದ ಮೇಲೆ ಯಾರೂ ಬಾಗಿಲ ಕಂಬಳಿ ಎತ್ತಬಾರದು. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ. ಪಾತ್ರೆ ತೊಳೆದಿಟ್ಟು ತಡವಾಗಿ ಬಂದವಳು ಕಂಬಳಿ ಸರಿಸಿದೆ. ಒಳಗಿನಿಂದ ಗದರಿಕೆ ಬಂತು: “ಕಂಬಳಿ ಬಿಡಿ, ಕಂಬಳಿ ಬಿಡಿ. ಬೆಳಕು ಬಂದ್ರೆ ಇವರೆಲ್ಲ ಸತ್ತುಹೋಗ್ತಾರೆ.” ನಿಜಕ್ಕೂ ಚಾದರದ ಮೇಲಿದ್ದ ಮುದುಕ, ಮುದುಕಿ, ನಾಯಿ ಮಾಯವಾಗಿ ಬರೀ ಬಟ್ಟೆ ಉಳಿದಿತ್ತು. ಹೊಸ ಸೊಸೆ ನಾನು, ನಾಚಿಕೆಯಿಂದ ಹೊರಗೇ ನಿಂತೆ. ರೀಲು ಮುಗಿದ ಮೇಲೆ ಅವರು ಹೊರಗೆ ಬಂದು, “ಬೇಜಾರು ಮಾಡ್ಬೇಡಿ ಸುಮಿತ್ರಾಬಾಯಿ, ನಿಮಗೆ ಇನ್ನೊಮ್ಮೆ ತೋರಿಸ್ತೇನೆ,” ಎಂದು ನನ್ನೊಬ್ಬಳಿಗಾಗಿ ಮತ್ತೆ ಮೊದಲಿನಿಂದ ತಿರುಗಿಸಿದರು. ಉಳಿದವರೂ ಎದ್ದುಹೋಗದೆ ಎರಡನೆಯ ಸಲ ನೋಡಿದರು.

ಪಿಕ್ಚರಿನಲ್ಲಿ ಇದ್ದದ್ದು ಇಷ್ಟು. ಹಿಮ ಬಿದ್ದ ಒಂದು ಮನೆ. ಮುದುಕ ಮೇಜಿಗೆ ಬಟ್ಟೆ ಹಾಸುತ್ತಾನೆ, ಮುದುಕಿ ಹುರಿದ ಕೋಳಿ ತಂದಿಡುತ್ತಾಳೆ, ಟೊಪ್ಪಿಗೆ ಹಾಕಿಕೊಂಡ ನಾಯಿ ಅದನ್ನು ಕಚ್ಚಿಕೊಂಡು ಓಡುತ್ತದೆ. ಮುದುಕ ಹಿಮದಲ್ಲಿ ಅದರ ಹಿಂದೆ ಬಿದ್ದು, ಎದ್ದು, ಪೀಪಾಯಿಯೊಂದರಲ್ಲಿ ತಲೆಕೆಳಗಾಗುತ್ತಾನೆ. ಇದಕ್ಕೆಲ್ಲ ಮಾತು ಲಾದ್ರು ಮಾಮನದು. “ಇವ ನಮ್ಮ ಪಾಸ್ಕು. ಹಡಗಿನಲ್ಲಿ ಕುಕ್ ಆಗಿದ್ದ, ಈಗ ರಿಟೈರ್. ಹೆಂಡ್ತಿಗೆ ಹೆದರ್ತಾನೆ, ನಾಯಿಗೂ ಹೆದರ್ತಾನೆ. ನೋಡಿ, ಕೋಳಿ ಹೋಯ್ತು. ಇನ್ನು ಗಂಜಿಯೇ ಗತಿ ಇವನಿಗೆ.” ಪ್ರತಿ ವರ್ಷ ಕಥೆ ಬೇರೆ. ಒಮ್ಮೆ ಪಾಸ್ಕು ಲೋಕಲ್ ತಪ್ಪಿಸಿಕೊಂಡವನು, ಒಮ್ಮೆ ನೀರಿನ ನಲ್ಲಿಗಾಗಿ ಜಗಳ ಕಾಯ್ದವನು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಕೊನೆಯಲ್ಲಿ ಮುದುಕ ಮುದುಕಿ ಖಾಲಿ ಮೇಜಿನ ಮುಂದೆ ಕೂತಿರುವಾಗ ಯಾರೋ ಬಾಗಿಲು ತಟ್ಟುತ್ತಾರೆ. ಮುದುಕಿ ಎದ್ದು ಬಾಗಿಲು ತೆಗೆಯುತ್ತಾಳೆ. ಅಷ್ಟಕ್ಕೇ ರೀಲು ಮುಗಿದು ಚಾದರ ಬೆಳ್ಳಗಾಗುತ್ತಿತ್ತು. “ಮುಂದಿಂದು ಎಲ್ಲೆದರಿ ಲಾದ್ರಪ್ಪಾರ? ಯಾರ ಬಂದಿದ್ರು?” ಎಂದು ಅತ್ತೆ ಪ್ರತಿ ವರ್ಷ ಪಟ್ಟು ಹಿಡಿಯುತ್ತಿದ್ದರು. “ತುಂಡಾಗಿದೆ ಅಮ್ಮ. ಪೋಸ್ಟ್‌ಮ್ಯಾನ್ ಇರ್ಬೇಕು.” ಮರುವರ್ಷ ಹಾಲಿನ ಭಯ್ಯಾ. ಅದರ ಮರುವರ್ಷ ಕೋಳಿಯ ಯಜಮಾನ. ಎಲ್ಲರೂ ನಗುತ್ತಿದ್ದರು, ಕಾರ್ಮಿಣ್ ಬಾಯಿ ಒಬ್ಬರನ್ನು ಬಿಟ್ಟು. ಬಾಗಿಲು ತಟ್ಟುವ ಹೊತ್ತಿಗೆ ಅವರು ತಪ್ಪದೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರು. ನಾನು ಚಹಾಕ್ಕಿರಬೇಕು ಎಂದುಕೊಂಡಿದ್ದೆ.

ನಿಜ ಗೊತ್ತಾದದ್ದು ನಾಲ್ಕನೆಯ ವರ್ಷ. ನಾನು, ಕಾರ್ಮಿಣ್ ಬಾಯಿ ಮನೆ ಮುಂದಿನ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಅವರೇ ಹೇಳಿದರು. “ಅದು ತುಂಡಾದದ್ದಲ್ಲ, ತುಂಡು ಮಾಡಿದ್ದು. ಇವರೇ ಕತ್ತರಿ ಹಾಕಿದ್ದು. ಮುದುಕಿ ಬಾಗಿಲು ತೆಗಿತಾಳಲ್ಲ, ಅಲ್ಲಿ ಮಗಳು ನಿಂತಿರ್ತಾಳೆ. ಮೈಯೆಲ್ಲ ಹಿಮ. ಒಳಗೆ ಬರ್ತಾಳೆ, ಅಷ್ಟೇ. ನಮ್ಮ ಲಿಲ್ಲಿ ಚಿಕ್ಕದಿರುವಾಗ ಆ ಜಾಗ ಬಂದ ಕೂಡ್ಲೇ ಇವರು ‘ಬಂದಳಾ?’ ಅಂತ ಕೇಳ್ಬೇಕು, ಅವಳು ‘ಬಂದಳು’ ಅಂತ ಚಪ್ಪಾಳೆ ಹೊಡಿಬೇಕು. ಪ್ರತಿ ವರ್ಷ.” ಆ ಲಿಲ್ಲಿ, ಅವರ ಒಬ್ಬಳೇ ಮಗಳು, ನಾನು ಆ ಚಾಳಿಗೆ ಬರುವ ಹಿಂದಿನ ವರ್ಷ ತನ್ನ ಆಫೀಸಿನ ಮರಾಠಿ ಹುಡುಗನನ್ನು ರಿಜಿಸ್ಟರ್ ಮದುವೆಯಾಗಿದ್ದಳು. ಈ ಹೊಸ್ತಿಲು ದಾಟಿದವಳು ತಿರುಗಿ ಬರುವುದು ಬೇಡ ಎಂದು ಮಾಮ ಹೇಳಿದ್ದರು. ಅದೇ ಡಿಸೆಂಬರಿನಲ್ಲಿ ಆ ತುಂಡನ್ನು ಕತ್ತರಿಸಿದರು. ಕತ್ತರಿಸಿದವರು ಎಸೆಯಲಿಲ್ಲ, ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿ ಸುತ್ತಿ ಯೇಸುವಿನ ಪಟದ ಹಿಂದೆ ಇಟ್ಟರು.

ಮಗಳು ಇದ್ದದ್ದು ಬೇರೆ ದೇಶದಲ್ಲಲ್ಲ, ಮುಲುಂಡ್‌ನಲ್ಲಿ. ದಾದರಿನಲ್ಲಿ ಗಾಡಿ ಬದಲಿಸಿದರೆ ಒಂದೂವರೆ ತಾಸಿನ ದಾರಿ. ಕಾರ್ಮಿಣ್ ಬಾಯಿ ಬುಧವಾರದ ನೊವೆನಾ ಪ್ರಾರ್ಥನೆಗೆಂದು ಮಾಹಿಮ್ ಇಗರ್ಜಿಗೆ ಹೋಗಿ, ಅಲ್ಲಿ ಮಗಳನ್ನೂ ಮೊಮ್ಮಗುವನ್ನೂ ನೋಡಿ ಬರುತ್ತಿದ್ದರು. ಗಂಡನಿಗೆ ಹೇಳುತ್ತಿರಲಿಲ್ಲ. ಆದರೆ ಬುಧವಾರ ಒಂದು ದಿನ ಮಾಮ ಯಾಕೆ ತಡವಾಯಿತೆಂದು ಕೇಳುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಬಾಯಿ ಬಿಡದ ಮಾಮನ ಮೇಲೆ ನನಗೆ ಆಗ ಬಹಳ ಸಿಟ್ಟು ಬರುತ್ತಿತ್ತು. ಒಂದು ಮಾತು ಆಡಿದರೆ ಏನು ಗಂಟು ಹೋಗುತ್ತದೆ ಎನಿಸುತ್ತಿತ್ತು.

ಕೆಲವು ವರ್ಷಗಳಲ್ಲಿ ಮಾಮನ ಎರಡೂ ಕಣ್ಣಿಗೆ ಪೊರೆ ಬಂತು. ಟಾಕೀಸಿನ ಕೆಲಸ ಬಿಟ್ಟರು. ಒಂದು ಕಣ್ಣಿನ ಆಪರೇಶನ್ ಆದರೂ ದೃಷ್ಟಿ ಬರಲಿಲ್ಲ. ಬೆಳಕು, ನೆರಳು, ಇಷ್ಟೇ. ಆ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು.

“ನಿಮ್ಮ ಅಣ್ಣನ ಮನೆ ಮುಲುಂಡ್‌ನಲ್ಲಿ ಅಲ್ವಾ ಸುಮಿತ್ರಾಬಾಯಿ? ಹೋಗ್ಲಿಕ್ಕೆ ಉಂಟಾ?”

“ಈ ಐತವಾರ ಹೋಗ್ತೀನ್ರಿ ಮಾಮಾ.”

“ಲಿಲ್ಲಿಯ ಅಡ್ರೆಸ್ ಕಾರ್ಮಿಣಿಗೆ ಗೊತ್ತುಂಟು. ಕೇಳಿ, ಕೊಡ್ತಾಳೆ.” ಹೋಗಲು ತಿರುಗಿದವರು ಮತ್ತೆ ನಿಂತರು. “ಅವಳಿಗೆ ಬಾ ಅಂತ ಹೇಳ್ಬೇಡಿ. ಈ ಸಲ ಪಿಕ್ಚರ್ ಪೂರಾ ಉಂಟು ಅಂತ ಹೇಳಿ. ಅಷ್ಟು ಸಾಕು.”

ಲಿಲ್ಲಿ ನನ್ನ ವಯಸ್ಸಿನವಳೇ, ಆದರೆ ಅವಳ ಕನ್ನಡ ಮುಂಬಯಿಯಲ್ಲಿ ಹುಟ್ಟಿದವರದ್ದು. ನಾನು ಹೇಳಿದ್ದನ್ನು ಕೇಳಿ ಬಹಳ ಹೊತ್ತು ಮಗುವಿನ ತಲೆ ಸವರುತ್ತ ಕೂತಳು. “ಪೂರಾ ಅಂತ ಬೋಲೇ ಕ್ಯಾ, ಅಕ್ಕ? ಪಪ್ಪಾ ಖುದ್?” ಎಂದು ಎರಡು ಸಲ ಕೇಳಿದಳು. ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಹಬ್ಬದ ಹಿಂದಿನ ದಿನ ಮಾಮ ಆ ಡಬ್ಬಿ ತೆಗೆದರು. ಕಾರ್ಮಿಣ್ ಬಾಯಿ ನೆರವಿಗೆ ಹೋದರೆ ಬೇಡವೆಂದರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ತುಂಡನ್ನು ತುಟಿಗೆ ಮುಟ್ಟಿಸಿ, ಕಣ್ಣು ಮುಚ್ಚಿ, ತಲೆ ಆಡಿಸಿದರು. ಅಂಟು ಸವರಿ, ರೀಲಿನ ತುದಿಗೆ ಕೂಡಿಸಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುದಿನ ಮೂರು ಗಂಟೆಗೆ ಎಲ್ಲರೂ ಸೇರಿದರು. ಮಾಮ ಎಲ್ಲರನ್ನೂ ಕಾಯಿಸಿದರು. ಮೂರೂವರೆಯಾಯಿತು. ಕಾರ್ಮಿಣ್ ಬಾಯಿ ಗ್ಯಾಲರಿಯ ಕಟಕಟೆಗೆ ಒರಗಿ ಸ್ಟೇಷನ್ ರಸ್ತೆಯನ್ನೇ ನೋಡುತ್ತಿದ್ದರು. ಕೊನೆಗೆ ಮಾಮ, “ಶುರು ಮಾಡುವ,” ಎಂದರು. ಕಂಬಳಿ ಇಳಿಯಿತು. ಪಾಸ್ಕು ಮೇಜಿಗೆ ಬಟ್ಟೆ ಹಾಸಿದ, ನಾಯಿ ಕೋಳಿ ಕದ್ದಿತು. ಮಾಮ ಲೆಕ್ಕ ತಪ್ಪದೆ, ಕಣ್ಣಿಲ್ಲದೆಯೂ, ಕೈ ತಿರುಗಿಸುತ್ತ ಕಥೆ ಹೇಳಿದರು. ಬಾಗಿಲು ತಟ್ಟುವ ಹೊತ್ತಿಗೆ ಅವರ ದನಿ ನಿಂತಿತು. ಈ ಸಲ ಕಾರ್ಮಿಣ್ ಬಾಯಿ ಅಡುಗೆಮನೆಗೆ ಹೋಗಲಿಲ್ಲ. ನನ್ನ ಮಗ್ಗುಲಿಗೆ ಬಂದು ಕೂತರು.

ಮುದುಕಿ ಬಾಗಿಲು ತೆಗೆದಳು. ಆಮೇಲೆ ಚಾದರದ ಮೇಲೆ ಎಲ್ಲವೂ ತಲೆಕೆಳಗಾಯಿತು. ಹಿಮದ ನೆಲ ಮೇಲೆ ಹೋಗಿ, ಮನೆಯ ಮಾಡು ಕೆಳಗೆ ಬಂತು. ಕಾಲು ಮೇಲಾಗಿ ನಿಂತಿದ್ದ ಒಬ್ಬ ಹುಡುಗಿ ತಾಯಿಯ ತೋಳಿನಿಂದ ಬಿಡಿಸಿಕೊಂಡು, ಹಿಂದಹಿಂದಕ್ಕೆ ಹೆಜ್ಜೆ ಇಡುತ್ತ ಹೊಸ್ತಿಲು ದಾಟಿ ಹೊರಗೆ, ಹಿಮಕ್ಕೆ ಹೋಗುತ್ತಿದ್ದಳು. ತುಟಿ ಮಗ್ಗುಲನ್ನು ಸರಿಯಾಗಿಯೇ ಹೇಳಿತ್ತು. ಆದರೆ ಯಾವ ತುದಿ ಮೊದಲು, ಯಾವುದು ಕೊನೆ ಎಂದು ತುಟಿ ಹೇಳಲಾರದು. ಅದಕ್ಕೆ ಕಣ್ಣೇ ಬೇಕು. ಮೂವತ್ತು ವರ್ಷದ ಆಪರೇಟರ್ ಆ ತುಂಡನ್ನು ಹಿಂದುಮುಂದಾಗಿ ಅಂಟಿಸಿದ್ದರು.

ಯಾರೋ ಕಿಸಕ್ಕೆಂದು ನಕ್ಕು ತಟ್ಟನೆ ಸುಮ್ಮನಾದರು. ಮಾಮ ಕೈ ತಿರುಗಿಸುತ್ತಲೇ ಕೇಳಿದರು: “ಬಂದಳಾ?”

ಬಾಯಿಗೆ ಬೀಗವೇ ಇಲ್ಲದ ನನ್ನ ಅತ್ತೆಯೂ ಸೆರಗು ಬಾಯಿಗೊತ್ತಿ ಕೂತಿದ್ದರು. ಕಾರ್ಮಿಣ್ ಬಾಯಿಯ ಬೆರಳುಗಳು ನನ್ನ ಮಣಿಕಟ್ಟನ್ನು ನೋಯುವಂತೆ ಹಿಡಿದಿದ್ದವು. “ಬಂದಳಾ?” ಎಂದು ಮಾಮ ಮತ್ತೆ ಕೇಳಿದರು.

ಆಗ ಬಾಗಿಲ ಕಂಬಳಿ ಎದ್ದಿತು. ಬೆಳಕು ನುಗ್ಗಿ ಚಾದರದ ಮೇಲಿನ ಹುಡುಗಿ ಅಳಿಸಿಹೋದಳು. ಮಾಮ ಬೆಳಕಿನ ಕಡೆಗೆ ಮುಖ ತಿರುಗಿಸಿ, “ಕಂಬಳಿ ಯಾರು ತೆಗೆದದ್ದು?” ಎಂದರು.

“ನಾನು, ಪಪ್ಪಾ.”

ಕಂಕುಳಲ್ಲಿ ಮಗು, ಕೈಯಲ್ಲಿ ಚಪ್ಪಲಿ. ಲಿಲ್ಲಿ ಬಂದು ಹತ್ತು ನಿಮಿಷವಾಗಿತ್ತಂತೆ. ಮಶಿನ್ ಶುರುವಾದ ಸದ್ದು ಕೇಳಿ, ಆ ಮನೆಯ ಕಾಯಿದೆ ನೆನಪಾಗಿ, ರೀಲು ಮುಗಿಯಲೆಂದು ಹೊರಗೇ ನಿಂತಿದ್ದಳು. ಮಾಮನ ಕೈ ನಿಲ್ಲಲಿಲ್ಲ. ಖಾಲಿಯಾದ ರೀಲಿನ ತುದಿ ಪಟಪಟ ಬಡಿಯುತ್ತಿತ್ತು.

“ಒಳಗೆ ಬಾ,” ಎಂದರು. “ಬೆಳಕು ಬರ್ತದೆ.”

ಅದಾದ ಮೇಲೆ ಇನ್ನೆರಡು ಕ್ರಿಸ್‌ಮಸ್ ಅವರ ಪಾಲಿಗೆ ಇದ್ದವು. ಎರಡರಲ್ಲೂ ಹುಡುಗಿ ತಲೆಕೆಳಗಾಗಿಯೇ ಹೊರಗೆ ಹೋದಳು. ಮಾಮ ಕೇಳಿದಾಗ ಲಿಲ್ಲಿ “ಬಂದಳು” ಎಂದು ಚಪ್ಪಾಳೆ ಹೊಡೆದಳು. ಇಡೀ ಚಾಳು ಆ ಗುಟ್ಟನ್ನು ಕಾಪಾಡಿತು. ಮಾಮ ಕಾಯಿಲೆ ಬಿದ್ದು ಹಾಸಿಗೆ ಹಿಡಿದಾಗ ನೋಡಲು ಹೋದ ನನ್ನನ್ನು ಅವರು ಹತ್ತಿರ ಕರೆದರು. “ನಿಜ ಹೇಳಿ ಸುಮಿತ್ರಾಬಾಯಿ. ಆ ತುಂಡು ಸರಿ ಕೂತಿದೆಯಾ? ಆ ಜಾಗದಲ್ಲಿ ಜನ ಸುಮ್ಮನಾಗ್ತಾರೆ.”

“ಸರಿ ಅದರಿ ಮಾಮಾ,” ಎಂದೆ. ಅವರು ನಂಬಿದರೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ. ಅದೇ ನಮ್ಮ ಕೊನೆಯ ಮಾತು.

ಅವರಿಲ್ಲದ ಮೊದಲ ಕ್ರಿಸ್‌ಮಸ್‌ಗೆ ನಾವು ಕಂಬಳಿ ಕಟ್ಟಬೇಕೋ ಬೇಡವೋ ಎಂದು ಅನುಮಾನದಲ್ಲಿದ್ದೆವು. ಲಿಲ್ಲಿಯೇ ಮನೆಮನೆಗೆ ಬಂದು ಕಂಬಳಿ ಕೇಳಿ ತೆಗೆದುಕೊಂಡು ಹೋದಳು. ಗ್ರಾಂಟ್ ರೋಡಿನಲ್ಲಿ ಗುರುತಿನವರಿಂದ ಆ ತುಂಡನ್ನು ಸರಿ ಮಾಡಿಸುತ್ತೇನೆ ಎಂದು ಅವಳ ಗಂಡ ಹೇಳಿದಾಗ ಕಾರ್ಮಿಣ್ ಬಾಯಿ, “ಬೇಡ. ಅವರು ಅಂಟಿಸಿದ್ದು. ಹಾಗೇ ಇರ್ಲಿ,” ಎಂದರು. ಲಿಲ್ಲಿ ರೀಲಿನ ತುದಿ ತುಟಿಗೆ ಮುಟ್ಟಿಸಿ ಮಶಿನ್ನಿಗೆ ಏರಿಸಿದಳು. ಕಥೆ ಹೇಳಲು ಅವಳಿಂದ ಆಗಲಿಲ್ಲ. ಪಾಸ್ಕು ಮಾತಿಲ್ಲದೆ ಮೇಜಿಗೆ ಬಟ್ಟೆ ಹಾಸಿದ, ಮಾತಿಲ್ಲದೆ ಪೀಪಾಯಿಗೆ ಬಿದ್ದ, ಯಾರೂ ನಗಲಿಲ್ಲ. ಮುದುಕಿ ಬಾಗಿಲು ತೆಗೆದಳು. ಹಿಮ ಮೇಲೆ ಹೋಯಿತು, ಹುಡುಗಿ ತಲೆಕೆಳಗಾಗಿ ಹಿಂದಕ್ಕೆ ಹೆಜ್ಜೆ ಇಟ್ಟಳು. ಕೇಳುವವರಿಲ್ಲದ ಆ ಜಾಗದಲ್ಲಿ ಮಶಿನ್ನಿನ ಕಟಕಟ ಮಾತ್ರ ಇತ್ತು.

ಎಲ್ಲರಿಗಿಂತ ಮುಂದೆ ಕೂತಿದ್ದ ನನ್ನ ಅತ್ತೆ ಕತ್ತಲಲ್ಲಿ ಹಿಂದಕ್ಕೆ, ಮಶಿನ್ನಿನ ಕಡೆಗೆ ತಿರುಗಿದರು.

“ಬಂದಾಳ್ರಿ ಲಾದ್ರಪ್ಪಾರ,” ಎಂದರು. “ಬಂದಾಳ.”